ಪುಟ್ಟ ಪೆಟ್ಟಿಗೆಯ ಮುಚ್ಚಳ ಮುಚ್ಚಿದವರು ಯಾರು?

ನಿಮ್ಮ ಶಾಲೆಯ ಗಣಕ ಕೊಠಡಿಗೆ ಹತ್ತು ಹೊಸ ಗಣಕಗಳನ್ನು ಕೊಳ್ಳಬೇಕಾಗಿದೆ ಎಂದುಕೊಳ್ಳಿ. ಹಣ ಎಷ್ಟೆಂಬುದು ಮೊದಲೇ ನಿಗದಿಯಾಗಿದೆ. ಅಂಗಡಿಯವರು ಮೂರು ದರಪಟ್ಟಿ ಕೊಟ್ಟಿದ್ದಾರೆ. ಮೊದಲನೆಯದು ಮೇಜಿನ ಕೆಳಗೆ ನಿಲ್ಲಿಸುವ ದೊಡ್ಡ ಟವರ್. ಬದಿಯ ತಗಡು ತೆಗೆದರೆ ಒಳಗೆ ಅರ್ಧದಷ್ಟು ಜಾಗ ಖಾಲಿ. ಎರಡನೆಯದು ದಪ್ಪ ಪುಸ್ತಕದ ಗಾತ್ರದ ಪೆಟ್ಟಿಗೆ. ಅದರ ಮೆಮೊರಿಯನ್ನೂ ಡಿಸ್ಕನ್ನೂ ಮುಂದೆ ಬದಲಾಯಿಸಬಹುದು. ಮೂರನೆಯದು ಅಂಗೈ ಮೇಲೆ ಕೂರುವಷ್ಟು ಪುಟ್ಟದು, ಮೂರರಲ್ಲೂ ಅತಿ ವೇಗದ್ದು. ಆದರೆ ಅದರ ಮೆಮೊರಿಯನ್ನು ನಾಳೆ ಒಂದಿಷ್ಟೂ ಹೆಚ್ಚಿಸಲಾಗದು. ನೀವು ಯಾವುದನ್ನು ಆರಿಸುತ್ತೀರಿ?

ವೇಗ, ಬೆಳೆಯುವ ಅವಕಾಶ, ಬೆಲೆ – ಈ ಮೂರನ್ನೂ ಒಂದೇ ಪುಟ್ಟ ಪೆಟ್ಟಿಗೆಯಲ್ಲಿ ತುಂಬಲು ತಂತ್ರಜ್ಞರು ಸುಮಾರು ಐವತ್ತು ವರ್ಷಗಳಿಂದ ಹೆಣಗುತ್ತಿದ್ದಾರೆ. ಪ್ರತಿ ಬಾರಿಯೂ ಒಂದಲ್ಲ ಒಂದನ್ನು ಬಿಟ್ಟುಕೊಡಬೇಕಾಗಿ ಬಂದಿದೆ. ಬಿಟ್ಟುಕೊಟ್ಟದ್ದು ಏನು, ಏಕೆ ಎಂಬುದನ್ನು ಕಾಲಕ್ರಮದಲ್ಲಿ ನೋಡುತ್ತಾ ಹೋದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಪೆಟ್ಟಿಗೆಯ ಮುಚ್ಚಳವನ್ನು ಕೆಲವೊಮ್ಮೆ ಮುಚ್ಚಿದ್ದು ಪ್ರಕೃತಿಯ ನಿಯಮ. ಕೆಲವೊಮ್ಮೆ ಮುಚ್ಚಿದ್ದು ಮಾರುವವನ ಲೆಕ್ಕಾಚಾರ. ಈ ಎರಡರ ವ್ಯತ್ಯಾಸ ತಿಳಿದವರಿಗೆ ದರಪಟ್ಟಿಯನ್ನು ಓದುವುದು ಸುಲಭ.

ಎಂಟು ಸ್ಲಾಟ್‌ಗಳ ಜಗಳ

ಕಥೆಯನ್ನು 1977ರಿಂದ ಆರಂಭಿಸೋಣ. ಆ ವರ್ಷ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆಪಲ್ II ಮಾರಾಟಕ್ಕೆ ಬಂತು. ಟೈಪ್‌ರೈಟರಿನಂತೆ ಕಾಣುತ್ತಿದ್ದ ಈ ಗಣಕಕ್ಕೆ 4 ಕಿಲೋಬೈಟ್ ಮೆಮೊರಿಯೊಂದಿಗೆ 1,298 ಡಾಲರ್ ಬೆಲೆ. ಅದರ ಪ್ರಾಸೆಸರ್, ಅಂದರೆ ಸಂಸ್ಕಾರಕದ ಗಡಿಯಾರ ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಸಲ ಮಿಡಿಯುತ್ತಿತ್ತು.

ಅದನ್ನು ವಿನ್ಯಾಸಗೊಳಿಸಿದ ಸ್ಟೀವ್ ವೋಜ್ನಿಯಾಕ್, ಹೆಚ್ಚುವರಿ ಕಾರ್ಡುಗಳನ್ನು ಸಿಕ್ಕಿಸಲು ಎಂಟು ಸ್ಲಾಟ್‌ಗಳು ಬೇಕೆಂದರು. ಅವರ ಜೊತೆಗಾರ ಸ್ಟೀವ್ ಜಾಬ್ಸ್, ಮುದ್ರಕಕ್ಕೊಂದು, ಮೋಡೆಮ್‌ಗೊಂದು, ಎರಡು ಸ್ಲಾಟ್ ಸಾಕೆಂದರು. ವೋಜ್ನಿಯಾಕ್ ಪಟ್ಟು ಬಿಡಲಿಲ್ಲ. ಎಂಟು ಸ್ಲಾಟ್‌ಗಳೇ ಉಳಿದವು. ಮೇಲಿನ ಮುಚ್ಚಳವನ್ನು ತೆಗೆಯಲು ತಿರುಪುಳಿಯೂ ಬೇಕಿರಲಿಲ್ಲ. ಕೈಯಿಂದ ಎತ್ತಿದರೆ ಸಾಕಿತ್ತು.

ಆ ಖಾಲಿ ಸ್ಲಾಟ್‌ಗಳಿಗೆ ಮುಂದೆ ಬಂದದ್ದೇನು ಗೊತ್ತೆ? 1978ರಲ್ಲಿ ಫ್ಲಾಪಿ ಡಿಸ್ಕ್ ನಡೆಸುವ ಕಾರ್ಡು, ಆಮೇಲೆ ಪರದೆಯ ಮೇಲೆ 80 ಅಕ್ಷರಗಳ ಸಾಲು ಮೂಡಿಸುವ ಕಾರ್ಡು, ಮೆಮೊರಿ ಹೆಚ್ಚಿಸುವ ಕಾರ್ಡು, 1980ರಲ್ಲಿ ಮೈಕ್ರೋಸಾಫ್ಟ್ ತಯಾರಿಸಿದ, ಬೇರೆಯದೇ ಪ್ರಾಸೆಸರ್ ಹೊತ್ತ ಕಾರ್ಡು. ಇವುಗಳಲ್ಲಿ ಒಂದೂ 1977ರಲ್ಲಿ ಅಂಗಡಿಯಲ್ಲಿ ಇರಲಿಲ್ಲ. ಖಾಲಿ ಸ್ಲಾಟ್ ಎಂದರೆ ಇನ್ನೂ ಹುಟ್ಟದ ಅಗತ್ಯಕ್ಕಾಗಿ ಕಾಯ್ದಿರಿಸಿದ ಜಾಗ. ಆಪಲ್ II ಕುಟುಂಬದ ಗಣಕಗಳು 1993ರವರೆಗೂ ಮಾರಾಟವಾದುದಕ್ಕೆ ಈ ಕಾಯ್ದಿರಿಸಿದ ಜಾಗವೂ ಒಂದು ಕಾರಣ.

1981ರ ಆಗಸ್ಟ್‌ನಲ್ಲಿ ಬಂದ ಐಬಿಎಂ ಪಿಸಿ ಇದೇ ಹಾದಿ ಹಿಡಿಯಿತು. ಅದರಲ್ಲಿ ಐದು ಸ್ಲಾಟ್‌ಗಳಿದ್ದವು. ಐಬಿಎಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಗಣಕದ ಸರ್ಕ್ಯೂಟ್ ನಕ್ಷೆಗಳನ್ನೇ ಕೈಪಿಡಿಯಾಗಿ ಪ್ರಕಟಿಸಿತು. ಯಾರು ಬೇಕಾದರೂ ಅದಕ್ಕೆ ಹೊಂದುವ ಕಾರ್ಡು ಮಾಡಬಹುದಿತ್ತು. ಕೆಲವೇ ಕಾಲದಲ್ಲಿ ಬೇರೆ ಕಂಪನಿಗಳು ಕಾರ್ಡುಗಳನ್ನಷ್ಟೇ ಅಲ್ಲ, ಇಡೀ ಗಣಕವನ್ನೇ ಅದರ ಮಾದರಿಯಲ್ಲಿ ತಯಾರಿಸತೊಡಗಿದವು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದಂಗಡಿಯಿಂದ ಮದರ್‌ಬೋರ್ಡ್, ಇನ್ನೊಂದರಿಂದ ಮೆಮೊರಿ, ಮತ್ತೊಂದರಿಂದ ಪೆಟ್ಟಿಗೆ ತಂದು ಗಣಕ ಜೋಡಿಸಿಕೊಂಡವರು ನಿಮ್ಮಲ್ಲಿಯೂ ಇರಬಹುದು. ಆ ಜೋಡಣೆ ಸಾಧ್ಯವಾದದ್ದು 1981ರ ಆ ತೆರೆದ ಪೆಟ್ಟಿಗೆಯಿಂದ ಬೆಳೆದ ಸಂಪ್ರದಾಯದಿಂದಲೇ.

ಒಳಗೋಡೆಯ ಸಹಿಗಳು

ಈಗ 1984ಕ್ಕೆ ಬನ್ನಿ. ಆ ವರ್ಷದ ಜನವರಿ 24ರಂದು ಆಪಲ್ ಮ್ಯಾಕಿಂತೋಷನ್ನು ಬಿಡುಗಡೆ ಮಾಡಿತು. 9 ಇಂಚಿನ ಪರದೆ, ಪ್ರಾಸೆಸರ್, ಫ್ಲಾಪಿ ಡ್ರೈವ್ ಎಲ್ಲವೂ ಒಂದೇ ಪುಟ್ಟ ಪೆಟ್ಟಿಗೆಯಲ್ಲಿ. ಎತ್ತಿಕೊಂಡು ಹೋಗಲು ಮೇಲ್ಗಡೆ ಹಿಡಿ. ಚಿತ್ರಗಳನ್ನು ಮೌಸ್‌ನಿಂದ ಒತ್ತಿ ಕೆಲಸ ಮಾಡಿಸುವ ಸೊಗಸು. ಸ್ಲಾಟ್‌ಗಳು ಮಾತ್ರ ಒಂದೂ ಇರಲಿಲ್ಲ.

ಇದು ಮರೆವಿನಿಂದಾದ ಕೊರತೆಯಲ್ಲ. ಈ ಯೋಜನೆಯನ್ನು 1979ರಲ್ಲಿ ಆರಂಭಿಸಿದ ಜೆಫ್ ರಾಸ್ಕಿನ್ ಅವರೇ ಸ್ಲಾಟ್‌ಗಳ ವಿರೋಧಿ. ಸುಮಾರು 500 ಡಾಲರಿಗೆ ಸಿಗುವ, ಮನೆಬಳಕೆಯ ಉಪಕರಣದಷ್ಟೇ ಸರಳವಾದ ಗಣಕ ಅವರ ಕನಸಾಗಿತ್ತು. ಎಲ್ಲ ಗಣಕಗಳೂ ಒಂದೇ ರೀತಿ ಇದ್ದರೆ ತಂತ್ರಾಂಶ ಬರೆಯುವವರಿಗೂ ಅನುಕೂಲ. ಯೋಜನೆಯನ್ನು ಕೈಗೆತ್ತಿಕೊಂಡ ಜಾಬ್ಸ್ ಅವರಿಗೂ ಈ ವಿಚಾರ ಒಪ್ಪಿಗೆಯಾಗಿತ್ತು. ಆದರೆ ಬೆಲೆಯ ಕನಸು ಉಳಿಯಲಿಲ್ಲ. 1,995 ಡಾಲರಿಗೆ ಮಾರಬೇಕೆಂದಿದ್ದ ಗಣಕಕ್ಕೆ ಪ್ರಚಾರದ ವೆಚ್ಚವೂ ಸೇರಿ ಕೊನೆಗೆ 2,495 ಡಾಲರ್ ಆಯಿತು.

ದೊಡ್ಡ ತೊಂದರೆ ಇದ್ದದ್ದು ಮೆಮೊರಿಯಲ್ಲಿ. ಇದ್ದದ್ದು 128 ಕಿಲೋಬೈಟ್ ಮಾತ್ರ, ಅದೂ ಬೋರ್ಡಿಗೆ ಬೆಸುಗೆ ಹಾಕಿದ್ದು. ಲೆಕ್ಕ ನೋಡಿ. 64 ಕಿಲೋಬಿಟ್‌ನ ಒಂದು ಚಿಪ್‌ನಲ್ಲಿ 8 ಕಿಲೋಬೈಟ್ ಹಿಡಿಯುತ್ತದೆ. ಅಂಥ 16 ಚಿಪ್‌ಗಳು ಸೇರಿದರೆ 128. ಇದು ಸಾಲದು ಎಂಬುದು ಬೋರ್ಡ್ ವಿನ್ಯಾಸ ಮಾಡಿದ ಬರೆಲ್ ಸ್ಮಿತ್ ಅವರಿಗೆ ಮೊದಲೇ ಗೊತ್ತಿತ್ತು. ಅವರು 'ದೋಷ ಪರೀಕ್ಷೆಯ ಕಿಂಡಿ' ಎಂಬ ಹೆಸರಿನಲ್ಲಿ ವಿಸ್ತರಣೆಗೊಂದು ದಾರಿ ಬಿಡಲು ನೋಡಿದರು. ಅದು ಪತ್ತೆಯಾಗಿ ರದ್ದಾಯಿತು. ಆಗ ಅವರು ಬೋರ್ಡಿನಲ್ಲಿ ಇನ್ನೊಂದಿಷ್ಟು ಗೆರೆಗಳನ್ನು ಸದ್ದಿಲ್ಲದೆ ಎಳೆದಿಟ್ಟರು. ಮುಂದೆ 256 ಕಿಲೋಬಿಟ್‌ನ ಚಿಪ್ ಅಗ್ಗವಾದಾಗ ಅದೇ 16 ಸ್ಥಾನಗಳಲ್ಲಿ ಅವನ್ನು ಕೂರಿಸಿದರೆ 512 ಕಿಲೋಬೈಟ್! ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಆಪಲ್ ತಾನೇ 512 ಕಿಲೋಬೈಟ್‌ನ ಮಾದರಿಯನ್ನು ಮಾರಾಟಕ್ಕೆ ತಂದಿತು. ಬೆಸುಗೆ ಕಡ್ಡಿ ಹಿಡಿಯಲು ಬಲ್ಲ ಧೈರ್ಯಶಾಲಿಗಳು ಹಳೆಯ ಮಾದರಿಯನ್ನೇ ಬಿಚ್ಚಿ ಚಿಪ್‌ಗಳನ್ನು ಬದಲಾಯಿಸಿಕೊಂಡರು.

ಬಿಚ್ಚುವುದೂ ಸುಲಭವಿರಲಿಲ್ಲ. ಹಿಡಿಯ ಆಳದಲ್ಲಿ ನಕ್ಷತ್ರಾಕಾರದ ತಲೆಯ ತಿರುಪುಗಳು. ಅವುಗಳಿಗೆ ಉದ್ದನೆಯ ವಿಶೇಷ ತಿರುಪುಳಿ ಬೇಕು. ಹೀಗೆ ಬಿಚ್ಚಿದವರಿಗೆ ಒಳಗೊಂದು ಸೋಜಿಗ ಕಾದಿತ್ತು. ಪೆಟ್ಟಿಗೆಯ ಒಳಗೋಡೆಯ ಮೇಲೆ ಅದನ್ನು ತಯಾರಿಸಿದ ತಂಡದವರ ಸಹಿಗಳು ಅಚ್ಚಾಗಿದ್ದವು. ಕೊಂಡವರು ತೆರೆಯಬಾರದೆಂದು ಬಯಸಿದ ಪೆಟ್ಟಿಗೆಯೊಳಗೆ ತಯಾರಕರು ತಮ್ಮ ಹೆಸರು ಬರೆದಿಟ್ಟಿದ್ದರು.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಆ ಪೆಟ್ಟಿಗೆಯಲ್ಲಿ ಚಿತ್ರನಳಿಕೆ ಇತ್ತು. ಅದರ ಸುತ್ತ ಸಾವಿರಾರು ವೋಲ್ಟ್‌ಗಳ ವಿದ್ಯುತ್ ಇರುತ್ತದೆ. ಆದ್ದರಿಂದ ಮುಚ್ಚಳ ಭದ್ರವಾಗಿರುವುದಕ್ಕೆ ಸುರಕ್ಷತೆಯ ಕಾರಣವೂ ಇತ್ತು. ಆದರೆ ಮೆಮೊರಿಯನ್ನು ಬೆಸೆಯಲು ಅಂಥ ಕಾರಣವೇನೂ ಇರಲಿಲ್ಲ ಎಂಬುದನ್ನು ಎರಡೇ ವರ್ಷಗಳಲ್ಲಿ ಆಪಲ್ ಸಂಸ್ಥೆಯೇ ತೋರಿಸಿಕೊಟ್ಟಿತು. ಜಾಬ್ಸ್ 1985ರಲ್ಲಿ ಸಂಸ್ಥೆ ಬಿಟ್ಟರು. 1986ರ ಜನವರಿಯಲ್ಲಿ ಬಂದ ಮ್ಯಾಕಿಂತೋಷ್ ಪ್ಲಸ್‌ನಲ್ಲಿ, ಅದೇ ಆಕಾರದ ಪೆಟ್ಟಿಗೆಯಲ್ಲಿ, ಮೆಮೊರಿ ಹಲಗೆಗಳನ್ನು ಸಿಕ್ಕಿಸುವ ಸ್ಥಾನಗಳಿದ್ದವು. 1 ಮೆಗಾಬೈಟಿನಿಂದ 4 ಮೆಗಾಬೈಟಿಗೆ ಏರಿಸಬಹುದಿತ್ತು. ಆ ಗಣಕ 1990ರವರೆಗೆ ಮಾರಾಟದಲ್ಲಿತ್ತು.

ಚಂದದ ಘನ, ಬಿಸಿಯ ಲೆಕ್ಕ

ಇಷ್ಟರಲ್ಲಿ ನಿಮಗೊಂದು ಪ್ರಶ್ನೆ ಬಂದಿರಬಹುದು: ಗಣಕವನ್ನು ಪುಟ್ಟದಾಗಿಸಿದರೆ ವೇಗವೇಕೆ ಕುಗ್ಗಬೇಕು? ಉತ್ತರ ಪ್ರೌಢಶಾಲೆಯ ಜ್ಯಾಮಿತಿಯಲ್ಲಿದೆ.

ಒಂದು ಘನದ ಬದಿಯನ್ನು ಅರ್ಧಕ್ಕೆ ಇಳಿಸಿ. ಅದರ ಮೇಲ್ಮೈ ವಿಸ್ತೀರ್ಣ ಕಾಲು ಭಾಗವಾಗುತ್ತದೆ. ಒಳಗಿನ ಪ್ರಾಸೆಸರ್ ಮಾತ್ರ ಮೊದಲಿನಷ್ಟೇ ಶಾಖ ಹೊಮ್ಮಿಸುತ್ತಿದೆ. ಈಗ ಅಷ್ಟೂ ಶಾಖ ಕಾಲು ಭಾಗದಷ್ಟು ಮೇಲ್ಮೈಯಿಂದ ಹೊರಹೋಗಬೇಕು. ಇದು ಸಾಧ್ಯವಾಗಬೇಕಾದರೆ ಫ್ಯಾನು ಜೋರಾಗಿ ತಿರುಗಬೇಕು, ಇಲ್ಲವೇ ಕಡಿಮೆ ಶಾಖದ, ಅಂದರೆ ನಿಧಾನದ ಅಥವಾ ದುಬಾರಿಯ ಪ್ರಾಸೆಸರ್ ಹಾಕಬೇಕು. ಬದಿ ಅರ್ಧವಾದಾಗ ಗಾತ್ರ ಎಂಟನೆಯ ಒಂದು ಭಾಗಕ್ಕೆ ಇಳಿಯುವುದರಿಂದ ಕಾರ್ಡುಗಳಿಗೆ ಜಾಗವೂ ಉಳಿಯುವುದಿಲ್ಲ.

2000ದ ಜುಲೈನಲ್ಲಿ ಆಪಲ್ ತಂದ ಪವರ್ ಮ್ಯಾಕ್ ಜಿ4 ಕ್ಯೂಬ್ ಈ ಲೆಕ್ಕಕ್ಕೆ ಒಳ್ಳೆಯ ಉದಾಹರಣೆ. ಬದಿಗೆ ಸುಮಾರು 20 ಸೆಂ.ಮೀ. ಇದ್ದ ಘನಾಕಾರದ ಗಣಕವನ್ನು ಪಾರದರ್ಶಕ ಅಕ್ರಿಲಿಕ್ ಕವಚದೊಳಗೆ ತೂಗಿಬಿಟ್ಟಂತೆ ಕೂರಿಸಲಾಗಿತ್ತು. ಅದಕ್ಕೆ ಫ್ಯಾನೇ ಇರಲಿಲ್ಲ. ಬಿಸಿ ಗಾಳಿ ಮೇಲೇರಿದಂತೆ ತಳದಿಂದ ತಣ್ಣನೆಯ ಗಾಳಿ ಒಳಬರುತ್ತಿತ್ತು – ಅಡುಗೆಮನೆಯ ಹೊಗೆಗೂಡಿನ ತತ್ವವೇ ಇಲ್ಲಿಯೂ. ವಿದ್ಯುತ್ ಪೂರೈಸುವ ಘಟಕವನ್ನು ಪೆಟ್ಟಿಗೆಯಿಂದಾಚೆ ಇಡಲಾಗಿತ್ತು. ಸದ್ದಿಲ್ಲದ, ನೋಡಲು ಮನಮೋಹಕ ಯಂತ್ರ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿಯೂ ಅದಕ್ಕೆ ಸ್ಥಾನ ಸಿಕ್ಕಿದೆ.

ಆದರೆ ಕೊಳ್ಳುವವರು ದರಪಟ್ಟಿ ನೋಡಿದರು. 450 ಮೆಗಾಹರ್ಟ್ಸ್‌ನ ಕ್ಯೂಬ್‌ಗೆ ಪರದೆ ಬಿಟ್ಟು 1,799 ಡಾಲರ್. ಅದೇ ಸಂಸ್ಥೆಯ 400 ಮೆಗಾಹರ್ಟ್ಸ್‌ನ ಟವರ್‌ಗೆ 1,599 ಡಾಲರ್, ಜೊತೆಗೆ ಮೂರು ಪಿಸಿಐ ಸ್ಲಾಟ್‌ಗಳು. ಕ್ಯೂಬ್‌ನಲ್ಲಿ ಅಂಥದ್ದು ಒಂದೂ ಇರಲಿಲ್ಲ. ಮೆಮೊರಿಯನ್ನು ಮಾತ್ರ ಸುಲಭವಾಗಿ ಹೆಚ್ಚಿಸಬಹುದಿತ್ತು. ಹೆಚ್ಚು ಹಣ ಕೊಟ್ಟು ಕಡಿಮೆ ಅವಕಾಶ ಕೊಳ್ಳಲು ಬಹಳ ಮಂದಿ ಮುಂದೆ ಬರಲಿಲ್ಲ. ಒಂದು ವರ್ಷ ತುಂಬುವುದರೊಳಗೆ, 2001ರ ಜುಲೈ ಮೊದಲ ವಾರದಲ್ಲಿ, ಕ್ಯೂಬ್ ತಯಾರಿಕೆ ನಿಂತಿತು.

ತೈವಾನಿನವರ ದಾರಿ

ಅದೇ ವರ್ಷ ತೈವಾನ್‌ನಲ್ಲಿ ಬೇರೆ ಎರಡು ಪ್ರಯತ್ನಗಳು ನಡೆದಿದ್ದವು. ಶಟಲ್ ಎಂಬ ಕಂಪನಿ ಷೂ ಡಬ್ಬಿಯಷ್ಟೇ ಇರುವ ಲೋಹದ ಪೆಟ್ಟಿಗೆಗಳನ್ನು ಹೊರತಂದಿತು. ಅದರಲ್ಲಿ ಬೋರ್ಡ್ ಮತ್ತು ವಿದ್ಯುತ್ ಘಟಕ ಮಾತ್ರ ಇರುತ್ತಿದ್ದವು; ಪ್ರಾಸೆಸರ್, ಮೆಮೊರಿ, ಡಿಸ್ಕನ್ನು ಕೊಂಡವರೇ ತಂದು ಜೋಡಿಸಿಕೊಳ್ಳಬೇಕು. ಮುಂದಿನ ಮಾದರಿಗಳಲ್ಲಿ ಪ್ರಾಸೆಸರ್‌ನ ಶಾಖವನ್ನು ಹಿಂಬದಿಗೆ ಸಾಗಿಸುವ ಶಾಖನಾಳಗಳೂ, ಚಿತ್ರ ಕಾರ್ಡಿಗೆ ಸ್ಲಾಟೂ ಬಂದವು. ಶಾಖನಾಳ ಎಂದರೆ ಒಳಗೆ ದ್ರವವಿರುವ ಮುಚ್ಚಿದ ತಾಮ್ರದ ಕೊಳವೆ. ಬಿಸಿ ತುದಿಯಲ್ಲಿ ದ್ರವ ಆವಿಯಾಗಿ, ತಣ್ಣನೆಯ ತುದಿಯಲ್ಲಿ ಮತ್ತೆ ದ್ರವವಾಗುತ್ತದೆ. ಗುಪ್ತೋಷ್ಣದ ಪಾಠದ ನೇರ ಬಳಕೆ ಇದು.

ಮತ್ತೊಂದು ಕಂಪನಿ ವಿಯಾ. ಅದು 2001ರಲ್ಲಿ 17 ಸೆಂ.ಮೀ. ಚೌಕದ ಮದರ್‌ಬೋರ್ಡಿಗೆ 'ಮಿನಿ ಐಟಿಎಕ್ಸ್' ಎಂಬ ಅಳತೆಯನ್ನು ರೂಪಿಸಿತು. ತಿರುಪು ಕೂರುವ ತೂತುಗಳು ಎಲ್ಲಿರಬೇಕು, ಕಾರ್ಡು ಎಲ್ಲಿ ಬರಬೇಕು ಎಂಬುದು ನಿಶ್ಚಯವಾದ್ದರಿಂದ ಯಾವ ಕಂಪನಿಯ ಬೋರ್ಡಾದರೂ ಯಾವ ಕಂಪನಿಯ ಪೆಟ್ಟಿಗೆಗಾದರೂ ಹೊಂದುತ್ತದೆ. ಆರಂಭದ ಬೋರ್ಡುಗಳ ಪ್ರಾಸೆಸರ್ ನಿಧಾನದ್ದು. ಆದರೆ ಅಳತೆ ಉಳಿಯಿತು. ಇಂದಿಗೂ ಪುಟ್ಟ ಗಣಕ ಜೋಡಿಸುವವರು ಕೊಳ್ಳುವುದು ಅದೇ 17 ಸೆಂ.ಮೀ. ಚೌಕದ ಬೋರ್ಡನ್ನೇ. ಬೆಳೆಯುವ ಅವಕಾಶ ಬರಿಯ ಖಾಲಿ ಜಾಗದಿಂದ ಬರುವುದಿಲ್ಲ, ಎಲ್ಲರೂ ಒಪ್ಪಿದ ಅಳತೆಯಿಂದ ಬರುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಒಂದೇ ಹೆಸರು, ಮೂರು ತೀರ್ಮಾನಗಳು

ಕ್ಯೂಬ್‌ನ ಪಾಠ ಕಲಿತ ಆಪಲ್ 2005ರ ಜನವರಿಯಲ್ಲಿ ಮ್ಯಾಕ್ ಮಿನಿಯನ್ನು ತಂದಿತು. 16.5 ಸೆಂ.ಮೀ. ಚೌಕ, 5 ಸೆಂ.ಮೀ. ಎತ್ತರ. ಕ್ಯೂಬ್‌ನಲ್ಲಿದ್ದ ಪ್ರಾಸೆಸರ್‌ನ ಕುಟುಂಬದ್ದೇ ಇದರಲ್ಲಿಯೂ ಇತ್ತು. ವೇಗ ಮಾತ್ರ 1.25 ಗಿಗಾಹರ್ಟ್ಸ್, ಬೆಲೆ 499 ಡಾಲರ್. ಪರದೆ, ಕೀಲಿಮಣೆ, ಮೌಸ್ ನಿಮ್ಮದೇ ಇರಲಿ ಎಂದದ್ದರಿಂದ ಬೆಲೆ ಇಳಿಯಿತು. ಇನ್ನೊಂದು ರಾಜಿಯೂ ಇತ್ತು. ಜಾಗ ಉಳಿಸಲು ಲ್ಯಾಪ್‌ಟಾಪ್‌ನ ಡಿಸ್ಕ್ ಹಾಕಿದ್ದರು. ಅದು ನಿಮಿಷಕ್ಕೆ 4,200 ಸುತ್ತು ತಿರುಗುತ್ತಿತ್ತು. ದೊಡ್ಡ ಗಣಕಗಳ ಡಿಸ್ಕ್ 7,200 ಸುತ್ತು. ಬೇಕಾದ ಮಾಹಿತಿ ಓದುವ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಮೊದಲನೆಯದಕ್ಕೆ ಇದು 7.1 ಮಿಲಿಸೆಕೆಂಡ್, ಎರಡನೆಯದಕ್ಕೆ 4.2. ಪುಟ್ಟತನದ ಬೆಲೆಯನ್ನು ಬಳಸುವವರು ಹೀಗೆ ಮಿಲಿಸೆಕೆಂಡುಗಳಲ್ಲಿ ತೆತ್ತರು. ಮೆಮೊರಿಗೆ ಒಂದೇ ಸ್ಥಾನ. ತಿರುಪುಗಳೇ ಕಾಣದ ಆ ಪೆಟ್ಟಿಗೆಯನ್ನು ಜನ ಗಾರೆ ಬಳಿಯುವ ತೆಳುವಾದ ಅಲಗಿನಿಂದ ಮೀಟಿ ತೆರೆಯುತ್ತಿದ್ದರು.

ಮುಂದಿನ ವರ್ಷಗಳಲ್ಲಿ ಈ ಒಂದೇ ಹೆಸರಿನ ಗಣಕ ನಮ್ಮ ತ್ರಿಕೋನದ ಮೂರೂ ಮೂಲೆಗಳಿಗೆ ಓಡಾಡಿತು. 2010ರಲ್ಲಿ ತಳದ ಬಿರಡೆಯನ್ನು ಕೈಯಿಂದ ತಿರುಗಿಸಿ ಮೆಮೊರಿ ಬದಲಾಯಿಸುವ ಅನುಕೂಲ ಬಂತು. ಬೆಲೆ 699 ಡಾಲರಿಗೇರಿತು. 2012ರಲ್ಲಿ 799 ಡಾಲರಿಗೆ ನಾಲ್ಕು ತಿರುಳಿನ ಪ್ರಾಸೆಸರ್ ಸಿಗುತ್ತಿತ್ತು. 2014ರಲ್ಲಿ ಆರಂಭದ ಬೆಲೆ ಮತ್ತೆ 499ಕ್ಕೆ ಇಳಿಯಿತು. ಆದರೆ ಮೆಮೊರಿಯನ್ನು ಬೆಸೆಯಲಾಗಿತ್ತು, ನಾಲ್ಕು ತಿರುಳಿನ ಮಾದರಿಯೇ ಇರಲಿಲ್ಲ. ಎಲ್ಲ ತಿರುಳುಗಳನ್ನೂ ದುಡಿಸುವ ಕೆಲಸಗಳಲ್ಲಿ ಎರಡು ವರ್ಷ ಹಳೆಯ ಗಣಕವೇ ಹೊಸದನ್ನು ಸೋಲಿಸುತ್ತಿತ್ತು! 2018ರಲ್ಲಿ ವೇಗವೂ ಹೆಚ್ಚಿತು, ಮೆಮೊರಿ ಸಿಕ್ಕಿಸುವ ಸ್ಥಾನವೂ ಮರಳಿತು. ಆರಂಭದ ಬೆಲೆ 799 ಡಾಲರ್ ಆಯಿತು, ಸಂಗ್ರಹ ಚಿಪ್‌ಗಳು ಬೆಸುಗೆಯಾದವು.

2014ರಲ್ಲಿ ಬೆಸೆದ ಮೆಮೊರಿ 2018ರಲ್ಲಿ ಬಿಡುಗಡೆಯಾಯಿತೆಂದರೆ ಏನರ್ಥ? 2014ರ ಬೆಸುಗೆಯನ್ನು ಪ್ರಕೃತಿ ನಿಯಮ ಕಡ್ಡಾಯ ಮಾಡಿರಲಿಲ್ಲ ಎಂದೇ ಅರ್ಥ.

ಇದೇ ಅವಧಿಯಲ್ಲಿ ಇಂಟೆಲ್ ಸಂಸ್ಥೆ 2012ರಲ್ಲಿ 'ನ್ಯುಕ್' ಎಂಬ ಕಿರುಗಣಕವನ್ನು ಪರಿಚಯಿಸಿತು. ಅದರ ಬೋರ್ಡ್ ಕೇವಲ 10 ಸೆಂ.ಮೀ. ಚೌಕ. ಪ್ರಾಸೆಸರ್ ಲ್ಯಾಪ್‌ಟಾಪ್‌ನದು, ಬೋರ್ಡಿಗೆ ಬೆಸೆದದ್ದು. ಮೆಮೊರಿ ಮತ್ತು ಸಂಗ್ರಹವನ್ನು ಕೊಂಡವರು ಸಿಕ್ಕಿಸಿಕೊಳ್ಳಬೇಕು. ಅದೇ ವರ್ಷ ಲೆನೊವೊ 'ಟೈನಿ' ಎಂಬ, ಸುಮಾರು ಒಂದು ಲೀಟರ್ ಗಾತ್ರದ ಕಚೇರಿ ಗಣಕ ತಂದಿತು. ಡೆಲ್ ಮತ್ತು ಎಚ್‌ಪಿ ಹಿಂಬಾಲಿಸಿದವು. ಅದೇ ವರ್ಷವೇ ಬ್ರಿಟನ್ನಿನಿಂದ 35 ಡಾಲರಿನ ರಾಸ್ಪ್‌ಬೆರಿ ಪೈ ಬಂತು. ಅದರ ಪ್ರಾಸೆಸರನ್ನಾಗಲೀ ಮೆಮೊರಿಯನ್ನಾಗಲೀ ಬದಲಾಯಿಸುವಂತಿರಲಿಲ್ಲ. ಆದರೆ ಬೆಲೆ ಅಷ್ಟು ಕಡಿಮೆಯಿದ್ದಾಗ ಹೊಸದನ್ನೇ ಕೊಳ್ಳಬಹುದು ಎಂಬ ವಾದಕ್ಕೂ ಬಲವಿತ್ತು. ಮೂರೂ ಪುಟ್ಟವೇ, ಮೂರೂ ತ್ರಿಕೋನದ ಬೇರೆ ಬೇರೆ ಮೂಲೆಯವು.

ಬೆಸುಗೆಯ ಭೌತಶಾಸ್ತ್ರ

ಹಾಗಾದರೆ ಬೆಸುಗೆಯೆಲ್ಲವೂ ಮಾರುವವರ ಉಪಾಯವೇ? ಅಲ್ಲ. ಇಲ್ಲಿ ತರಗತಿಯಲ್ಲಿಯೇ ಮಾಡಬಹುದಾದ ಒಂದು ಲೆಕ್ಕವಿದೆ.

ನಿರ್ವಾತದಲ್ಲಿ ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದಲ್ಲಿ, ಸುಮಾರು 30 ಸೆಂ.ಮೀ. ಸಾಗುತ್ತದೆ. ಮದರ್‌ಬೋರ್ಡಿನ ತಾಮ್ರದ ಗೆರೆಗಳಲ್ಲಿ ವಿದ್ಯುತ್ ಸಂಕೇತ ಅದರ ಅರ್ಧದಷ್ಟು, ಸುಮಾರು 15 ಸೆಂ.ಮೀ. ಸಾಗುತ್ತದೆ. 1984ರ ಮ್ಯಾಕಿಂತೋಷ್‌ನ ಗಡಿಯಾರ ಸುಮಾರು 8 ಮೆಗಾಹರ್ಟ್ಸ್‌ನದು. ಒಂದು ಮಿಡಿತಕ್ಕೆ 125 ನ್ಯಾನೊಸೆಕೆಂಡ್. ಅಷ್ಟರಲ್ಲಿ ಸಂಕೇತ ಸುಮಾರು 19 ಮೀಟರ್ ಹೋಗಬಲ್ಲದು. ಮೆಮೊರಿಯನ್ನು ಪಕ್ಕದ ತರಗತಿಯಲ್ಲಿಟ್ಟರೂ ದೂರವೊಂದೇ ಅಡ್ಡಿಯಾಗುತ್ತಿರಲಿಲ್ಲ ಎನ್ನಬಹುದು!

ಈಗ ಸೆಕೆಂಡಿಗೆ 800 ಕೋಟಿ ಬಾರಿ ಮಾಹಿತಿ ಕಳಿಸುವ ಇಂದಿನ ಮೆಮೊರಿ ತೆಗೆದುಕೊಳ್ಳಿ. ಒಂದು ಬಿಟ್‌ಗೆ ಸಿಗುವ ಕಾಲ 0.125 ನ್ಯಾನೊಸೆಕೆಂಡ್, ಮೊದಲಿನದರ ಸಾವಿರದ ಒಂದು ಭಾಗ. ಅಷ್ಟರಲ್ಲಿ ಸಂಕೇತ ಸಾಗುವುದು 1.9 ಸೆಂ.ಮೀ. ಮಾತ್ರ. ಒಂದು ಬಿಟ್ ಮೆಮೊರಿಯನ್ನು ತಲುಪುವ ಮೊದಲೇ ಅದರ ಬೆನ್ನಿಗೆ ಇನ್ನೂ ಕೆಲವು ಬಿಟ್‌ಗಳು ಅದೇ ಗೆರೆಯಲ್ಲಿ ಹೊರಟಿರುತ್ತವೆ.

ಇದರ ಜೊತೆಗೆ ಪ್ರತಿಫಲನದ ಕಾಟ. ದಪ್ಪ ಹಗ್ಗಕ್ಕೆ ತೆಳು ಹಗ್ಗವನ್ನು ಗಂಟು ಹಾಕಿ ಒಂದು ತುದಿಯನ್ನು ಕುಲುಕಿ ನೋಡಿ. ಗಂಟಿನ ಬಳಿ ಅಲೆಯ ಒಂದು ಪಾಲು ಮುಂದೆ ಹೋಗುತ್ತದೆ, ಇನ್ನೊಂದು ಪಾಲು ಹಿಂದಿರುಗುತ್ತದೆ. ಮೆಮೊರಿ ಸಿಕ್ಕಿಸುವ ಸ್ಲಾಟಿನ ಪ್ರತಿಯೊಂದು ಲೋಹದ ಸ್ಪರ್ಶವೂ ಅಂಥ ಒಂದು ಗಂಟು. ವೇಗ ಕಡಿಮೆ ಇದ್ದಾಗ ಹಿಂದಿರುಗಿದ ಅಲೆ ಅಡಗಲು ಸಮಯವಿರುತ್ತದೆ. ವೇಗ ಹೆಚ್ಚಿದಾಗ ಅದು ಮುಂದಿನ ಬಿಟ್‌ನ ಮೇಲೆಯೇ ಬಿದ್ದು ಅದನ್ನು ಕೆಡಿಸುತ್ತದೆ. ಮೆಮೊರಿಯನ್ನು ಪ್ರಾಸೆಸರ್‌ನ ಮಗ್ಗುಲಿಗೇ ತಂದು ಬೆಸೆದರೆ ಗಂಟೂ ಇಲ್ಲ, ದೂರವೂ ಇಲ್ಲ, ವಿದ್ಯುತ್ ಖರ್ಚೂ ಕಡಿಮೆ.

ಹಾಗೆಂದು ಸ್ಲಾಟಿನ ಮೆಮೊರಿಯ ಕಾಲ ಮುಗಿಯಿತೆಂದಲ್ಲ. ಸೆಕೆಂಡಿಗೆ 560 ಕೋಟಿ ಬಾರಿ ಕಳಿಸುವ ಡಿಡಿಆರ್5 ಹಲಗೆಗಳನ್ನು ಜೋಡಿಯಾಗಿ ಸಿಕ್ಕಿಸಿದರೆ 128 ಗೆರೆಗಳಲ್ಲಿ ಸೆಕೆಂಡಿಗೆ ಸುಮಾರು 90 ಗಿಗಾಬೈಟ್ ಹರಿಯುತ್ತದೆ. ಪಾಠ ಬೆರಳಚ್ಚಿಸಲು, ಅಂಕಪಟ್ಟಿ ತಯಾರಿಸಲು, ಜಾಲತಾಣ ನೋಡಲು, ಪ್ರೋಗ್ರಾಂ ಕಲಿಯಲು ಇದು ಬೇಕಾದಷ್ಟಾಯಿತು. ದೊಡ್ಡ ಕೃತಕ ಬುದ್ಧಿಮತ್ತೆಯ ಮಾದರಿಗಳನ್ನು ಓಡಿಸುವಂಥ ಕೆಲಸಗಳಿಗೆ ಮಾತ್ರ ಇದು ಸಾಲದು.

ಈ ಮಾತಿಗೆ ಫ್ರೇಮ್‌ವರ್ಕ್ ಎಂಬ ಅಮೆರಿಕದ ಕಂಪನಿಯ ಅನುಭವಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು. ಪ್ರತಿಯೊಂದು ಭಾಗವನ್ನೂ ಬಳಕೆದಾರರೇ ಬದಲಾಯಿಸಬಹುದಾದ ಲ್ಯಾಪ್‌ಟಾಪ್‌ಗಳನ್ನು 2021ರಿಂದ ತಯಾರಿಸಿ ಹೆಸರಾದ ಕಂಪನಿ ಅದು. 2025ರ ಫೆಬ್ರವರಿಯಲ್ಲಿ ಅದು ಪುಟ್ಟ ಗಣಕವೊಂದನ್ನು ಪ್ರಕಟಿಸಿತು. ಬೋರ್ಡ್ ಅದೇ 17 ಸೆಂ.ಮೀ. ಚೌಕದ ಮಿನಿ ಐಟಿಎಕ್ಸ್. ಎಎಂಡಿ ಕಂಪನಿಯ ಪ್ರಾಸೆಸರ್‌ಗೆ 256 ಗೆರೆಗಳ ಮೆಮೊರಿ, ಸೆಕೆಂಡಿಗೆ 256 ಗಿಗಾಬೈಟ್ ಹರಿವು. ಆದರೆ ಆ ಮೆಮೊರಿ ಬೆಸೆದದ್ದು! ಒತ್ತಿ ಕೂರಿಸುವ ಹೊಸ ಬಗೆಯ ಮೆಮೊರಿ ಹಲಗೆಯನ್ನು ಅಳವಡಿಸಲು ಎಎಂಡಿ ತಂತ್ರಜ್ಞರೊಂದಿಗೆ ಪ್ರಯತ್ನಿಸಿದೆವು, ಸಂಕೇತದ ಶುದ್ಧತೆ ಉಳಿಯಲಿಲ್ಲ ಎಂದು ಕಂಪನಿ ವಿವರಿಸಿತು. ಮುಚ್ಚಳ ತೆರೆದಿಡುವುದೇ ತನ್ನ ಧರ್ಮವೆಂದ ಕಂಪನಿಯ ಕೈಯನ್ನೇ ಇಲ್ಲಿ ಭೌತಶಾಸ್ತ್ರ ಕಟ್ಟಿಹಾಕಿತ್ತು.

ನಿಯಮ ಪ್ರಕೃತಿಯದು, ಬೆಲೆ ಯಾರದು?

ಈಗ ಎರಡು ದರಪಟ್ಟಿಗಳನ್ನು ಪಕ್ಕಪಕ್ಕದಲ್ಲಿಡೋಣ. 2024ರಲ್ಲಿ ಬಂದ ಮ್ಯಾಕ್ ಮಿನಿಯ ಗಾತ್ರ 12.7 ಸೆಂ.ಮೀ. ಚೌಕ, 5 ಸೆಂ.ಮೀ. ಎತ್ತರ, ಅಂದರೆ ಸುಮಾರು 0.8 ಲೀಟರ್. 16 ಗಿಗಾಬೈಟ್ ಮೆಮೊರಿಯೊಂದಿಗೆ ಬಿಡುಗಡೆಯ ಬೆಲೆ 599 ಡಾಲರ್, ಭಾರತದಲ್ಲಿ 59,900 ರೂಪಾಯಿ. ಅದರ ವೇಗಕ್ಕೆ ಹೋಲಿಸಿದರೆ ಇದು ಕಡಿಮೆ ಬೆಲೆಯೇ. ಆದರೆ ಮೆಮೊರಿಯನ್ನು 16ರಿಂದ 24 ಗಿಗಾಬೈಟಿಗೆ ಏರಿಸಿ ಕೊಳ್ಳಬೇಕೆಂದರೆ ಇನ್ನೂ 200 ಡಾಲರ್. ಗಿಗಾಬೈಟಿಗೆ 25 ಡಾಲರ್ ಆಯಿತು. ಫ್ರೇಮ್‌ವರ್ಕ್ ಪ್ರಕಟಿಸಿದ ಬೆಲೆಯಲ್ಲಿ ಅದೇ ಪ್ರಾಸೆಸರ್‌ನೊಂದಿಗೆ 64 ಗಿಗಾಬೈಟಿಗೆ 1,599 ಡಾಲರ್, 128ಕ್ಕೆ 1,999. ಹೆಚ್ಚಿನ 64 ಗಿಗಾಬೈಟಿಗೆ 400 ಡಾಲರ್, ಅಂದರೆ ಗಿಗಾಬೈಟಿಗೆ 6.25.

ಎರಡೂ ಬೆಸೆದ ಮೆಮೊರಿಯೇ. ಎರಡಕ್ಕೂ ಅದೇ ಭೌತಶಾಸ್ತ್ರ. ಆದರೂ ಬೆಲೆಯಲ್ಲಿ ನಾಲ್ಕು ಪಟ್ಟು ಅಂತರ. ಬೆಸೆಯಬೇಕೆಂದು ಪ್ರಕೃತಿ ಹೇಳಬಹುದು. ಬೆಸೆದದ್ದಕ್ಕೆ ಎಷ್ಟು ವಸೂಲು ಮಾಡಬೇಕೆಂದು ಅದು ಹೇಳುವುದಿಲ್ಲ. ನಾಳೆ ಹೊರಗಿನ ಅಂಗಡಿಯಿಂದ ಕೊಂಡು ಸಿಕ್ಕಿಸುವ ದಾರಿ ಇಲ್ಲದಾಗ, ಇಂದು ಕೇಳಿದಷ್ಟು ಕೊಡಬೇಕಾಗುತ್ತದೆ. ಸಂಗ್ರಹದ ವಿಷಯದಲ್ಲಂತೂ ಭೌತಶಾಸ್ತ್ರದ ನೆಪವೂ ಕಷ್ಟ. 2024ರ ಮ್ಯಾಕ್ ಮಿನಿಯಲ್ಲಿ ಸಂಗ್ರಹದ ಹಲಗೆ ಬಿಚ್ಚಿ ತೆಗೆಯಬಹುದಾದದ್ದೇ. ಆದರೆ ಅದರ ಅಳತೆ ಆಪಲ್‌ನದೇ ಆದದ್ದು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಎಂ.2 ಹಲಗೆ ಅಲ್ಲಿ ಕೂರುವುದಿಲ್ಲ.

ಇನ್ನೊಂದು ಕಡೆಯಿಂದಲೂ ನೋಡಬೇಕು. 'ಈಗ ಕಡಿಮೆ ಕೊಳ್ಳೋಣ, ಮೆಮೊರಿ ಅಗ್ಗವಾದಾಗ ಹೆಚ್ಚಿಸೋಣ' ಎಂಬುದು ಒಂದು ಪಣ. ಹೆಚ್ಚಿನ ವರ್ಷಗಳಲ್ಲಿ ಈ ಪಣ ಗೆದ್ದಿದೆ. ಆದರೆ 1988ರಲ್ಲಿ ಮೆಮೊರಿ ಚಿಪ್‌ಗಳ ಕೊರತೆಯಾಗಿ ಬೆಲೆ ಏರಿತ್ತು. 2025ರ ಕೊನೆಯಲ್ಲಿ ಕೃತಕ ಬುದ್ಧಿಮತ್ತೆಯ ಕೇಂದ್ರಗಳ ಬೇಡಿಕೆಯಿಂದ ಮತ್ತೆ ಏರಿತು. ತಂತ್ರಾಂಶವೂ ಪಣವನ್ನು ಕೆಡಿಸಬಲ್ಲದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲ್‌ನ ಏಳನೆಯ ಪೀಳಿಗೆ ಮತ್ತು ಅದಕ್ಕೂ ಹಿಂದಿನ ಬಹುಪಾಲು ಪ್ರಾಸೆಸರ್‌ಗಳು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಅಂಥ ಗಣಕಕ್ಕೆ ಎಷ್ಟು ಮೆಮೊರಿ ತುಂಬಿದರೂ ಪಟ್ಟಿ ಬದಲಾಗದು. ಲಿನಕ್ಸ್ ಹಾಕಿಕೊಂಡರೆ ಮಾತ್ರ ಅದು ಇನ್ನೂ ಹಲವು ವರ್ಷ ದುಡಿಯುತ್ತದೆ.

ಮತ್ತೆ ಆ ಮೂರು ದರಪಟ್ಟಿಗಳು

ಈಗ ನಿಮ್ಮ ಶಾಲೆಯ ಮೇಜಿಗೆ ಹಿಂತಿರುಗೋಣ. ಅಂಗಡಿಯವರನ್ನು ನಾಲ್ಕು ಪ್ರಶ್ನೆ ಕೇಳಿ. ಮೆಮೊರಿ ಬದಲಾಯಿಸಬಹುದೇ, ಎಷ್ಟರವರೆಗೆ? ಸಂಗ್ರಹದ ಹಲಗೆ ಸಾಮಾನ್ಯ ಅಳತೆಯದೇ? ವಿದ್ಯುತ್ ಘಟಕ ಕೆಟ್ಟರೆ ನಮ್ಮ ಊರಿನಲ್ಲಿಯೇ ಸಿಗುತ್ತದೆಯೇ? ಈ ಪ್ರಾಸೆಸರ್‌ಗೆ ಕಾರ್ಯಾಚರಣ ವ್ಯವಸ್ಥೆಯ ಬೆಂಬಲ ಇನ್ನೆಷ್ಟು ವರ್ಷ ಇದ್ದೀತು?

ಪ್ರೋಗ್ರಾಂ ಕಲಿಸುವ, ಪಾಠ ತೋರಿಸುವ ಕೊಠಡಿಗೆ ಎರಡನೆಯ ದರಪಟ್ಟಿ, ಅಂದರೆ ಮೆಮೊರಿಯೂ ಸಂಗ್ರಹವೂ ಸಾಮಾನ್ಯ ಅಳತೆಯವಾದ ಪುಸ್ತಕದ ಗಾತ್ರದ ಗಣಕ, ಹೆಚ್ಚಾಗಿ ಸರಿಯಾದ ಆಯ್ಕೆ. ಟವರ್‌ನ ಖಾಲಿ ಸ್ಲಾಟ್‌ಗಳಿಗೆ ಹಣ ಕೊಡುವ ಮುನ್ನ, ಹಳೆಯ ಟವರ್‌ಗಳಲ್ಲಿ ಎಷ್ಟು ಸ್ಲಾಟ್ ತುಂಬಿದ್ದೆವು ಎಂದು ಕೊಠಡಿಯಲ್ಲೇ ಎಣಿಸಿ ನೋಡಿ. ಮೂರನೆಯದನ್ನೇ ಕೊಳ್ಳುವುದಾದರೆ ಐದು ವರ್ಷಕ್ಕೆ ಬೇಕಾಗುವ ಮೆಮೊರಿಯನ್ನು ಮೊದಲ ದಿನವೇ ಕೊಳ್ಳಬೇಕು; ಹತ್ತು ಗಣಕಗಳ ಹಣದಲ್ಲಿ ಏಳೇ ಬಂದರೂ ಬರಬಹುದು. ಅರುವತ್ತು ಮಕ್ಕಳ ತರಗತಿಯಲ್ಲಿ ಆ ಮೂರು ಗಣಕಗಳ ವ್ಯತ್ಯಾಸ ಏನೆಂದು ನಿಮಗೆ ಹೇಳಬೇಕಾಗಿಲ್ಲ.

ಕೊನೆಗೆ ಮಕ್ಕಳಿಂದ ಮಾಡಿಸಬಹುದಾದ ಒಂದು ಕೆಲಸ. ಮೂಲೆಗೆ ಬಿದ್ದ ಹಳೆಯ ಗಣಕವೊಂದರ ವಿದ್ಯುತ್ ತಂತಿಯನ್ನು ಪೂರ್ತಿ ಕಿತ್ತು, ಪೆಟ್ಟಿಗೆಯ ಬದಿಯ ತಗಡು ತೆಗೆಯಿರಿ. ವಿದ್ಯುತ್ ಘಟಕವನ್ನಾಗಲೀ ಚಿತ್ರನಳಿಕೆಯ ಹಳೆಯ ಪರದೆಯನ್ನಾಗಲೀ ಬಿಚ್ಚಬೇಡಿ. ಅವುಗಳಲ್ಲಿ ತಂತಿ ಕಿತ್ತ ಮೇಲೂ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಪ್ರಾಸೆಸರ್‌ನಿಂದ ಮೆಮೊರಿ ಸ್ಲಾಟಿನವರೆಗಿನ ದೂರವನ್ನು ಅಳತೆಪಟ್ಟಿಯಿಂದ ಅಳೆಯಲಿ. ಆ ದೂರವನ್ನು 15ರಿಂದ ಭಾಗಿಸಿದರೆ ಸಂಕೇತ ಅಲ್ಲಿಗೆ ತಲುಪಲು ಬೇಕಾದ ನ್ಯಾನೊಸೆಕೆಂಡ್ ಸಿಗುತ್ತದೆ. ಮೆಮೊರಿ ಹಲಗೆಯ ಮೇಲೆ ಅಚ್ಚಾಗಿರುವ ವೇಗದೊಂದಿಗೆ ಅದನ್ನು ಹೋಲಿಸಲಿ. ತಮ್ಮ ಗಣಕದ ಸ್ಲಾಟ್‌ಗಳು ಏಕೆ ಸಾಧ್ಯವಾದವು ಎಂಬುದಕ್ಕೆ ಉತ್ತರ ಅವರ ನೋಟುಪುಸ್ತಕದಲ್ಲಿಯೇ ಮೂಡುತ್ತದೆ. ಮುಂದೊಂದು ದಿನ ಅಂಗಡಿಯವರು 'ಇದನ್ನು ಬದಲಾಯಿಸಲು ಆಗುವುದಿಲ್ಲ' ಎಂದಾಗ, 'ಏಕೆ?' ಎಂದು ಕೇಳಿ ಉತ್ತರವನ್ನು ಅವರೇ ತೂಗಿ ನೋಡಬಲ್ಲರು.